ಗಾಜುಗಪ್ಪೆಗಳ ಮನೆಯ ನೊಣದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೃಗಾಲಯದ ಹಿಂಬದಿ ಗೇಟಿನ ಪಕ್ಕ ಒಂದು ಉದ್ದನೆಯ ಕಟ್ಟಡವಿದೆ. ಆನೆ, ಹುಲಿ ನೋಡಲು ಹೋಗುವವರು ಅದರತ್ತ ತಿರುಗಿಯೂ ನೋಡುವುದಿಲ್ಲ. ತೇವಕ್ಕೆ ಉಬ್ಬಿಕೊಂಡ ಅದರ ಬಾಗಿಲು ಕೈಗೆ ಬಗ್ಗುವುದಿಲ್ಲ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಅದನ್ನು ಭುಜ ಕೊಟ್ಟು ನೂಕಿ ಒಳಗೆ ಬರುತ್ತಾರೆ. ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಳ್ಳುತ್ತಾರೆ. ಔಷಧಿ ನೀರು ತುಂಬಿದ ಅಗಲವಾದ ತಟ್ಟೆಯಲ್ಲಿ ನಿಂತು ಬೂಟಿನ ಅಡಿ ಉಜ್ಜುತ್ತಾರೆ. ಮೊಣಕೈವರೆಗೆ ಕೈ ತೊಳೆಯುತ್ತಾರೆ, ಸೋಪು ಮುಟ್ಟದೆ. ಆಮೇಲೆ ಕೆಂಪು ಬೆಳಕಿನ ಸಣ್ಣ ಟಾರ್ಚು ಹಿಡಿದು ಒಳಕೋಣೆಗೆ ಕಾಲಿಡುತ್ತಾರೆ.

ಒಳಗೆ ತಂಪು, ಒದ್ದೆ ಮಣ್ಣಿನ ವಾಸನೆ. ಎರಡು ಸಾಲು ಗಾಜಿನ ಪೆಟ್ಟಿಗೆಗಳು. ಪ್ರತಿಯೊಂದರಲ್ಲೂ ಅಗಲ ಎಲೆಯ ಗಿಡ, ತಳದಲ್ಲಿ ಸದ್ದಿಲ್ಲದೆ ಹರಿಯುವ ಬೆರಳುದ್ದದ ಹೊಳೆ. ಅವರು ಮೊದಲ ಪೆಟ್ಟಿಗೆಯ ಮುಂದೆ ಬಗ್ಗಿ ಟಾರ್ಚು ಹಿಡಿಯುತ್ತಾರೆ. ಗಾಜಿಗೆ ಅಂಟಿಕೊಂಡು ಕೂತ ಕಪ್ಪೆಯೊಂದು ಹೊಟ್ಟೆಯನ್ನು ಇವರ ಕಡೆ ಮಾಡಿದೆ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಜೀವ. ಆ ಹೊಟ್ಟೆಗೆ ಚರ್ಮ ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಅಷ್ಟು ತಿಳಿ. ಒಳಗಿನ ಕರುಳು, ಪಿತ್ತಕೋಶ, ಎದೆಯಲ್ಲಿ ಮಿಡಿಯುವ ಕೆಂಪು ಚುಕ್ಕೆ, ಎಲ್ಲ ಕಣ್ಣೆದುರು.

"ನಿನ್ನೆ ಸರಿಯಾಗಿ ತಿಂದಿದೆ ನೋಡಿ," ಎಂದು ಅವರು ಪಿಸುಗುಡುತ್ತಾರೆ. "ಕರುಳಲ್ಲಿ ಕಪ್ಪಗೆ ಕಾಣ್ತಿದೆಯಲ್ಲ, ಅದು ನನ್ನ ನೊಣ."

ಇವರಿಗೆ ಹೆಸರಿದೆ, ಆದರೆ ಸಂಬಳದ ದಿನ ಬಿಟ್ಟರೆ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಮೃಗಾಲಯದವರಿಗೆಲ್ಲ ಇವರು ನೊಣದಕ್ಕ. ಗಾಜುಗಪ್ಪೆಗಳ ಊಟಕ್ಕೆ ನೊಣ ಸಾಕುವುದು ಇವರ ಮುಖ್ಯ ಕೆಲಸ. ಕೊಳೆತ ಬಾಳೆಹಣ್ಣಿನ ಮೇಲೆ ಗುಂಯ್‌ಗುಡುತ್ತವಲ್ಲ, ಆ ಎಳ್ಳಿಗಿಂತ ಚಿಕ್ಕ ಹಣ್ಣುನೊಣಗಳು. ಆದರೆ ಇಲ್ಲಿರುವುದು ಹಾರಲು ಬಾರದ ತಳಿ. ಹಾರಿದರೆ ಕಪ್ಪೆಗೂ ಸಿಗುವುದಿಲ್ಲ, ಅಕ್ಕನಿಗೂ ಸಿಗುವುದಿಲ್ಲ.

"ಕೆಲಸ ಇಲ್ಲದವರು ನೊಣ ಹೊಡೀತಾ ಕೂತಿದ್ದಾರೆ ಅಂತಾರಲ್ಲ," ಎಂದು ನಗುತ್ತಾರೆ ಅಕ್ಕ. "ನನ್ನ ಕೈಲಿ ಕೆಲಸ ಇರೋದೇ ನೊಣ ಹೊಡೀದೇ ಇರೋದ್ರಿಂದ."

ಪಕ್ಕದ ಚಿಕ್ಕ ಕೋಣೆ ಅವರ ರಾಜ್ಯ. ಗೋಡೆ ತುಂಬ ಕಪಾಟು, ಕಪಾಟಿನ ತುಂಬ ತೆಳು ಬಟ್ಟೆಯ ಮುಚ್ಚಳ ಕಟ್ಟಿದ ಲೋಟಗಳು. ಬಾಳೆಹಣ್ಣು, ಹಿಟ್ಟು, ಒಂದಿಷ್ಟು ಸಕ್ಕರೆ, ಒಂದು ತೊಟ್ಟು ವಿನೆಗರ್, ಚಿಟಿಕೆ ಈಸ್ಟು ಕಲಸಿದ ಮುದ್ದೆ ಪ್ರತಿ ಲೋಟದ ತಳದಲ್ಲಿ ಹುದುಗುತ್ತಿರುತ್ತದೆ. ಅದರಲ್ಲಿ ನೊಣ ಮೊಟ್ಟೆಯಿಟ್ಟು, ಮರಿಹುಳ ಎದ್ದು, ಗೋಡೆಗೆ ಹತ್ತಿ, ಮತ್ತೆ ನೊಣವಾಗಲು ಎರಡು ವಾರದ ಹತ್ತಿರ ಬೇಕು. ಹಾಗಾಗಿ ದಿನವೂ ಹೊಸ ಲೋಟ ಹೂಡಬೇಕು, ದಿನವೂ ಹಳೆಯದನ್ನು ಬಿಸಾಡಬೇಕು. ಒಂದು ವಾರ ಕೈಬಿಟ್ಟರೆ ಎರಡು ವಾರದ ಮೇಲೆ ಕಪ್ಪೆಗಳಿಗೆ ಉಪವಾಸ. ದಿನಕ್ಕೆ ನೊಣ ಎಷ್ಟು ಬೇಕು ಎಂದು ಕೇಳಿದರೆ ಅಕ್ಕ ಒಂದು ಚಮಚ ತೋರಿಸುತ್ತಾರೆ. ಸಂಜೆ ಅಂಥ ಏಳೆಂಟು ಚಮಚ ನೊಣವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಪೆಟ್ಟಿಗೆಗಳಿಗೆ ಹಂಚುತ್ತಾರೆ. ಬಿಳಿ ಪುಡಿ ಮೆತ್ತಿಕೊಂಡು ತೆವಳುವ ನೊಣಗಳು ಹಿಟ್ಟಿನ ಗಿರಣಿಯಿಂದ ಹೊರಬಂದ ಕೆಲಸಗಾರರ ಹಾಗೆ ಕಾಣುತ್ತವೆ.

ಹಿಟ್ಟು, ಈಸ್ಟು ಅವರಿಗೆ ಹೊಸದಲ್ಲ. ಮದುವೆಯಾದ ಮರುವರ್ಷದಿಂದ ಅವರು ಒಂದು ಬೇಕರಿಯ ಹಿಂಕೋಣೆಯಲ್ಲಿ ಹಿಟ್ಟು ನಾದುತ್ತಿದ್ದವರು. ಬನ್ನು, ಬ್ರೆಡ್ಡು, ಹಣ್ಣಿನ ಕೇಕು. ಅಲ್ಲಿ ಹಣ್ಣುನೊಣ ಎಂದರೆ ಆಜನ್ಮ ವೈರಿ. ಹುದುಗು ಬಂದ ಹಿಟ್ಟಿನ ಮೇಲೆ ಒಂದು ನೊಣ ಕಂಡರೆ ಯಜಮಾನರು ಇಡೀ ಬೇಕರಿ ತಲೆಕೆಳಗು ಮಾಡುತ್ತಿದ್ದರು. ಆ ಯಜಮಾನರು ಕಾಯಿಲೆ ಬಿದ್ದು ತೀರಿಕೊಂಡಾಗ ಒಲೆ ಆರಿತು, ಬೇಕರಿ ಬಾಗಿಲು ಹಾಕಿತು. ಅದೇ ವರ್ಷ ಅಕ್ಕನ ಗಂಡ ಒಂದು ದಿನ ಮಲಗಿದವರು ಬೆಳಗ್ಗೆ ಏಳಲಿಲ್ಲ. ಎದೆ ನಿಂತಿತ್ತು ಎಂದರು ಡಾಕ್ಟರು. ಅದಕ್ಕೆ ಮೊದಲು ಒಂದು ದಿನವೂ ಎದೆನೋವು ಎಂದವರಲ್ಲ.

ಮನೆಯಲ್ಲಿ ಉಳಿದವರು ಇಬ್ಬರು, ಸೊಸೆ ಮತ್ತು ಅತ್ತೆ. ತವರಿನವರು ಬಂದು ಕರೆದರು. ಅಕ್ಕ ಹೋಗಲಿಲ್ಲ. ಏಕೆ ಎಂದರೆ ಅವರು ಹೇಳುವುದಿಷ್ಟು: "ಅತ್ತೆ ಅಷ್ಟು ದಿನ ನನ್ನ ಬೈದಿದ್ರು. ಆವತ್ತಿಂದ ಬೈಯೋದು ಬಿಟ್ಟುಬಿಟ್ರು. ನಂಗೆ ಹೆದರಿಕೆ ಆಯ್ತು. ಮತ್ತೆ ಬೈಯೋವರೆಗೂ ಇರೋಣ ಅಂತ ಇದ್ದೆ." ಅತ್ತೆ ಮತ್ತೆ ಬೈಯಲು ಶುರುಮಾಡಿದ್ದು ಸೊಸೆ ಮೃಗಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಅಲ್ಲಿಂದ ಕಪ್ಪೆಮನೆಗೆ ಬಂದು, ಒಂದು ಸಂಜೆ ತಲೆಗೂದಲಲ್ಲಿ ನೊಣ ಸಿಕ್ಕಿಸಿಕೊಂಡು ಮನೆಗೆ ಹೋದಾಗ.

"ಮಿಕ್ಕವರ ಸೊಸೆಯಂದಿರು ಮಕ್ಕಳು ಸಾಕ್ತಾರೆ, ಹಸು ಸಾಕ್ತಾರೆ. ನನ್ನ ಸೊಸೆ ನೊಣ ಸಾಕ್ತಾಳೆ!" ಅಂದರಂತೆ ಅತ್ತೆ. ಅಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತಂತೆ.

ಕಪ್ಪೆಮನೆಯ ಮುಖ್ಯಸ್ಥೆ ಒಬ್ಬ ಸಂಶೋಧಕಿ, ಅಕ್ಕನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ. ದೂರದ ಬೆಟ್ಟದ ಕಾಡೊಂದರಲ್ಲಿ ಕಪ್ಪೆಗಳ ಚರ್ಮಕ್ಕೆ ಬೂಷ್ಟು ರೋಗ ಹತ್ತಿ, ಹಳ್ಳದ ನಂತರ ಹಳ್ಳ ಮೌನವಾಗುತ್ತಿದ್ದಾಗ, ಅಳಿದುಳಿದ ಗಾಜುಗಪ್ಪೆಗಳನ್ನು ಹಿಡಿದು ಇಲ್ಲಿಗೆ ತಂದವರು ಅವರೇ. ಅಕ್ಕ ಮೊದಲ ದಿನ ಪೊರಕೆ ಹಿಡಿದು ನಿಂತು ನೋಡುತ್ತಿದ್ದಾಗ ಡಾಕ್ಟರಮ್ಮ ಕೈಬೀಸಿ ಕರೆದು, "ಬನ್ನಿ ಅಕ್ಕಾ, ಹತ್ತಿರದಿಂದ ನೋಡಿ," ಎಂದು ಮಸೂರ ಕೊಟ್ಟರಂತೆ.

"ಅಲ್ಲಿವರೆಗೂ ಯಾರೂ ನಂಗೆ ಹತ್ತಿರ ಬಂದು ನೋಡು ಅಂದಿರಲಿಲ್ಲ," ಎನ್ನುತ್ತಾರೆ ಅಕ್ಕ. "ದೂರ ನಿಲ್ಲು, ನೆಲ ಒದ್ದೆ ಇದೆ, ಗುಡಿಸಿ ಹೋಗು, ಇವೇ. ನನಗೆ ಗೊತ್ತಿರೋದೆಲ್ಲ ಅವರು ಕಲಿಸಿದ್ದು. ಒಂದೊಂದು ಮಾತನ್ನ ನಾಲ್ಕು ಸಲ ಹೇಳಿದ್ದಾರೆ, ಒಂದು ಸಲಾನೂ ಮುಖ ಸಿಂಡರಿಸಿಲ್ಲ."

ಕಲಿಸಿದ್ದು ಸಣ್ಣ ವಿಷಯವೇನಲ್ಲ. ಈ ಮನೆಯಲ್ಲಿ ಎರಡು ಬಗೆಯ ಗಾಜುಗಪ್ಪೆಗಳಿವೆ. ಬೆನ್ನಿನ ಕಡೆಯಿಂದ ನೋಡಿದರೆ ಎರಡೂ ಒಂದೇ ಅಚ್ಚಿನವು. ಎಳೆ ಎಲೆಯ ಹಸಿರು, ಅದರ ಮೇಲೆ ತಿಳಿಹಳದಿ ಚುಕ್ಕೆ. ಎರಡರ ಕಣ್ಣುಗಳೂ ನಮ್ಮ ಹಾಗೆ ಮುಂದಕ್ಕೆ ನೋಡುತ್ತವೆ. ಬೆರಳ ತುದಿಯಲ್ಲಿ ಅಂಟಿಕೊಳ್ಳಲು ಅಗಲವಾದ ಬಿಲ್ಲೆ. ಭೇದ ಇರುವುದು ಕೆಳಗಡೆ. ಒಂದು ಬಗೆಯಲ್ಲಿ ಎದೆ ಪೂರ್ತಿ ತಿಳಿ, ಬಡಿಯುವ ಗುಂಡಿಗೆ ಬಿಚ್ಚಿ ಕಾಣುತ್ತದೆ; ಮೂಳೆ ಬೆಳ್ಳಗೆ. ಅದು ಹೊಳೆಯ ಮೇಲೆ ಬಾಗಿದ ಎಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ, ಗಂಡು ಪಕ್ಕದಲ್ಲೇ ಕೂತು ಕಾಯುತ್ತದೆ. ಇನ್ನೊಂದು ಬಗೆಯಲ್ಲಿ ಎದೆಯ ಒಳಮೈಗೆ ಬಿಳಿ ಪೊರೆ ಅಡ್ಡ ಬಂದು ಗುಂಡಿಗೆಯನ್ನು ಮುಚ್ಚಿಬಿಡುತ್ತದೆ. ಮೂಳೆ ಹಸಿರು, ನಿಜಕ್ಕೂ ಹಸಿರು. ಮೊಟ್ಟೆ ಎಲೆಯ ಮೇಲ್ಮೈಯಲ್ಲಿ. ಅದರ ಗಂಡಿನ ತೋಳಿನ ಮೂಳೆಯಿಂದ ಮುಳ್ಳಿನಂಥ ಒಂದು ಕೊಕ್ಕೆ ಹೊರಟಿರುತ್ತದೆ, ಜಗಳಕ್ಕೆ. ಇಷ್ಟೆಲ್ಲ ಬೇರೆಯಾದ್ದರಿಂದ ವಿಜ್ಞಾನಿಗಳು ಎರಡನ್ನೂ ಬರೀ ಬೇರೆ ಪ್ರಭೇದ ಎಂದು ಬಿಟ್ಟಿಲ್ಲ. ಒಂದೇ ಕುಟುಂಬದ ಎರಡು ಬೇರೆ ಕವಲುಗಳಲ್ಲಿ ಇಟ್ಟಿದ್ದಾರೆ.

ಪುಸ್ತಕದ ಹೆಸರುಗಳು ಉದ್ದ. ಡಾಕ್ಟರಮ್ಮನೇ ಸಲೀಸಾಗಲೆಂದು ಒಂದನ್ನು ಕೆಂಪೆದೆ, ಇನ್ನೊಂದನ್ನು ಬಿಳಿಯೆದೆ ಎಂದು ಕರೆದರು. ಈಗ ಮನೆಯಲ್ಲಿ ನಡೆಯುವುದು ಆ ಹೆಸರೇ.

ಅಕ್ಕ ಇದನ್ನೆಲ್ಲ ಮನೆಗೆ ಹೋಗಿ ಅತ್ತೆಗೆ ಹೇಳಿದಾಗ ಅತ್ತೆ ಮೂಗು ಮುರಿದರಂತೆ. "ಹೊಟ್ಟೇಲಿರೋದನ್ನ ಹೊಟ್ಟೇಲಿ ಇಟ್ಕೊಳ್ಳೋಕೆ ಬರದ ಪ್ರಾಣಿ. ಅದಕ್ಕೆ ನಿನ್ನ ಜೊತೆ ಸರಿಹೋಗಿದೆ."

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕೆಲಸಕ್ಕೆ ಕಳೆದ ವರ್ಷದ ಬೇಸಿಗೆಯಲ್ಲಿ ಕಂಟಕ ಬಂತು.

ಆ ದಿನ ಬಿಸಿಲು ಬೆಳಗ್ಗೆಯೇ ಕಣ್ಣು ಕುಕ್ಕುತ್ತಿತ್ತು. ಡಾಕ್ಟರಮ್ಮ ಬೇರೆ ಊರಿನ ಸಭೆಗೆ ಹೋಗಿದ್ದರು. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ದೊಡ್ಡ ಸದ್ದು ಮಾಡಿ ಸುಟ್ಟುಹೋಯಿತು. ಕಪ್ಪೆಮನೆಯ ತಂಪು ಯಂತ್ರ ನಿಂತಿತು. ಕಾವಲುಗಾರ ಓಡಿಬಂದು ಜನರೇಟರ್ ಹಗ್ಗ ಎಳೆದ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಷ್ಟು ಎಳೆದರೂ ಉಸಿರಿಲ್ಲ.

ಈ ಕಪ್ಪೆಗಳು ಮಂಜಿನ ಬೆಟ್ಟದವು. ನಮಗೆ ಹಿತವೆನಿಸುವ ಶಾಖವೂ ಇವಕ್ಕೆ ಜ್ವರ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಶಾಖಮಾಪಕ ಏರುತ್ತಲೇ ಇತ್ತು. ಮೇಲಿನ ಸಾಲಿನ ಒಂದು ಪೆಟ್ಟಿಗೆಯಲ್ಲಿ ಕಪ್ಪೆಗಳು ಎಲೆ ಬಿಟ್ಟು ನೀರಿಗೆ ಇಳಿದು ಕೂತಿದ್ದವು. ಅಕ್ಕ ಡಾಕ್ಟರಮ್ಮನಿಗೆ ಫೋನು ಮಾಡಿದರು.

"ಅಕ್ಕಾ, ನಾನು ಹೊರಟೆ, ಆದರೆ ಸಂಜೆ ಆಗುತ್ತೆ," ಎಂದರು ಅವರು. "ಅಲ್ಲಿವರೆಗೆ ಎಲ್ಲಾದರೂ ತಂಪು ಹುಡುಕಿ. ಎಲ್ಲಾದರೂ. ನಿಮಗೆ ಸರಿ ಕಂಡಿದ್ದು ಮಾಡಿ, ಏನೇ ಆದರೂ ಜವಾಬ್ದಾರಿ ನನ್ನದು."

ತಂಪು ಎಂದಾಗ ಅಕ್ಕನಿಗೆ ಹೊಳೆದದ್ದು ಹಿಂದಿನ ಬೀದಿಯ ಹೂವಿನ ಸಗಟು ಅಂಗಡಿ. ಅಲ್ಲೊಂದು ಶೀತಲ ಕೋಣೆಯಿತ್ತು, ಅದಕ್ಕೆ ಸ್ವಂತ ಜನರೇಟರ್ ಇತ್ತು. ಆದರೆ ಆ ಹೂವಿನ ಯಜಮಾನರಿಗೂ ಕಪ್ಪೆಮನೆಗೂ ಎಣ್ಣೆ ಸೀಗೆಕಾಯಿ. ವರ್ಷದ ಹಿಂದೆ ಅವರು ಕಾಗದದ ಪೊಟ್ಟಣದಲ್ಲಿ ಸತ್ತ ನೊಣವೊಂದನ್ನು ಸುತ್ತಿಕೊಂಡು ಬಂದು, "ನಿಮ್ಮ ನೊಣ ನಮ್ಮ ಹೂವಿಗೆ ಬರ್ತಿದೆ," ಎಂದು ಕೂಗಾಡಿದ್ದರು. ಅಕ್ಕ ಲೋಟ ತೋರಿಸಿ, "ಸ್ವಾಮಿ, ನಮ್ಮ ನೊಣಕ್ಕೆ ಹಾರೋಕೆ ಬರಲ್ಲ," ಎಂದಿದ್ದರು. "ಹಾಗಾದ್ರೆ ನಡ್ಕೊಂಡು ಬಂದಿರಬೇಕು!" ಎಂದು ಅವರು ಹೋಗಿದ್ದರು. ಆಮೇಲೆ ಮಾತಿಲ್ಲ.

ಅಕ್ಕ ಬೂಟು ಕೂಡ ಬಿಚ್ಚದೆ ಓಡಿದರು. ಯಜಮಾನರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗುಲಾಬಿ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದರು. ಉಸಿರು ಕಟ್ಟಿಕೊಂಡು ವಿಷಯ ಹೇಳಿದ ಅಕ್ಕ, ಕೊನೆಗೆ ಇನ್ನೂ ಕಷ್ಟದ ಮಾತು ಸೇರಿಸಬೇಕಾಯಿತು.

"ಹೂವಿಗೆ ಔಷಧಿ ಹೊಡೆದಿರ್ತಾರಲ್ವಾ ಸ್ವಾಮಿ?"

"ಹೊಡೀದೆ ಇದ್ರೆ ಹೂವು ನಿಲ್ಲುತ್ತಾ ತಾಯಿ?"

"ಹಾಗಾದ್ರೆ ಹೂವೆಲ್ಲ ಹೊರಗೆ ತೆಗೀಬೇಕು. ಕೋಣೆ ತೊಳೀಬೇಕು. ಇವಕ್ಕೆ ಚರ್ಮವೇ ಬಾಯಿ, ಸೋಕಿದ್ದನ್ನೆಲ್ಲ ಕುಡಿದುಬಿಡ್ತವೆ. ಮತ್ತೆ ಕೋಣೆ ಇಷ್ಟು ತಣ್ಣಗಿದ್ರೂ ಆಗಲ್ಲ, ಸ್ವಲ್ಪ ಬೆಚ್ಚಗೆ ಮಾಡಬೇಕು."

ಯಜಮಾನರು ಕೋಣೆಯ ಬಾಗಿಲು ತೆರೆದು ನಿಂತರು. ಒಳಗೆ ಮರುದಿನದ ಮದುವೆಮನೆಗೆ ಹೋಗಬೇಕಾದ ಗುಲಾಬಿ ಮೊಗ್ಗು, ನೆಲದಿಂದ ಸೂರಿನವರೆಗೆ. ಹೊರಗೆ ಈ ಬಿಸಿಲು. ತೆಗೆದರೆ ಸಂಜೆಯೊಳಗೆ ಎಲ್ಲ ಅರಳಿ ಉದುರುವುದು ಖಂಡಿತ. ಅವರು ಹೂವನ್ನು ನೋಡಿದರು, ಅಕ್ಕನ ಒದ್ದೆ ಬೂಟನ್ನು ನೋಡಿದರು.

"ಎಷ್ಟಿವೆ ನಿಮ್ಮ ಕಪ್ಪೆ?"

"ಇವು ಬಂದ ಹಳ್ಳಗಳಲ್ಲಿ ಉಳಿದಿದ್ದೆಲ್ಲ ಇಷ್ಟೇ ಸ್ವಾಮಿ. ಇವು ಹೋದ್ರೆ ಅಲ್ಲಿಗೆ ಇನ್ನಿಲ್ಲ."

ಯಜಮಾನರು ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದರು. "ಸರಿ, ಒಂದು ಕೈ ಹಾಕಿ. ಮೊದಲು ಕೆಳಗಿನ ಸಾಲು."

ಅಕ್ಕ ಇದನ್ನು ಇವತ್ತಿಗೂ ಕೈ ಜೋಡಿಸಿಕೊಂಡು ಹೇಳುತ್ತಾರೆ. "ನನ್ನ ಜಾಗದಲ್ಲಿ ನೀವಿದ್ದಿದ್ರೆ ಕೇಳೋಕೂ ಧೈರ್ಯ ಬರ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ರೆ ಕೊಡ್ತಿದ್ನೋ ಇಲ್ವೋ, ಆಣೆಗೂ ಗೊತ್ತಿಲ್ಲ."

ಸುದ್ದಿ ತಿಳಿದು ಅತ್ತೆ ಬಂದರು, ಬಗಲಲ್ಲಿ ಹಳೆಯ ಹತ್ತಿ ದುಪ್ಪಟಿಗಳ ಗಂಟು. ಅವನ್ನು ಬರೀ ನೀರಿನಲ್ಲಿ ಹತ್ತು ಸಲ ಜಾಲಾಡಿ, ಉಜ್ಜಿ ತೊಳೆದ ಕಪಾಟುಗಳಿಗೆ ಹಾಸಿದರು. ಶೀತಲ ಕೋಣೆಯ ಗಾಳಿ ಚರ್ಮ ಒಣಗಿಸದಂತೆ ಅಡ್ಡಕ್ಕೂ ಕಟ್ಟಿದರು. ಅಷ್ಟರಲ್ಲಿ ಕಪ್ಪೆಮನೆಯಲ್ಲಿ ಅಕ್ಕ ಕೈಯನ್ನು ಒದ್ದೆ ಮಾಡಿಕೊಂಡು ಒಂದೊಂದೇ ಜೀವವನ್ನು ಎಲೆಯಿಂದ ಬಿಡಿಸಿ, ಒದ್ದೆ ಕಾಗದ ಹಾಸಿದ ತಿಳಿ ಪ್ಲಾಸ್ಟಿಕ್ ಡಬ್ಬಿಗಳಿಗೆ ಇಳಿಸುತ್ತಿದ್ದರು. ಕಾವಲುಗಾರ ಮುಚ್ಚಳದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದ, ಯಾವುದು ಕೆಂಪೆದೆ, ಯಾವುದು ಬಿಳಿಯೆದೆ ಎಂದು. ಡಬ್ಬಿಗಳನ್ನು ಒದ್ದೆ ಗೋಣಿಚೀಲದ ಕೆಳಗೆ ಮುಚ್ಚಿ ಕೈಗಾಡಿಯಲ್ಲಿ ಹಿಂದಿನ ಬೀದಿಗೆ ಸಾಗಿಸಿದರು.

ಎಲ್ಲ ಒಳಗಾಯಿತು ಎಂದುಕೊಂಡು ಅಕ್ಕ ಗೋಣಿ ಸರಿಸಿ ನೋಡಿದರು. ನೀರು ತಾಗಿ ಮುಚ್ಚಳದ ಶಾಯಿ ಪೂರ್ತಿ ತೊಳೆದುಹೋಗಿತ್ತು. ಯಾವ ಡಬ್ಬಿಯಲ್ಲೂ ಗುರುತಿಲ್ಲ. ಕಾವಲುಗಾರ ತಲೆಮೇಲೆ ಕೈ ಹೊತ್ತು ಕೂತುಬಿಟ್ಟ.

ಬೆರೆತರೆ ಕೆಡುತ್ತದೆ. ಬಿಳಿಯೆದೆ ಬೆಟ್ಟದ ಮೇಲ್ಭಾಗದ್ದು, ಅದಕ್ಕೆ ಹೆಚ್ಚು ತಂಪು ಬೇಕು, ನೆಲದ ಹತ್ತಿರದ ಕಪಾಟು. ಕೆಂಪೆದೆಗೆ ಅಷ್ಟು ಚಳಿ ಆಗದು, ಅದು ಮೇಲೆ ಇರಬೇಕು. ಅವಸರದಲ್ಲಿ ಎರಡೂ ಒಂದೇ ಡಬ್ಬಿಗೆ ಬಿದ್ದಿದ್ದರಂತೂ ಕೊಕ್ಕೆಯ ಗಂಡುಗಳು ಇನ್ನೊಂದನ್ನು ಗೀರಿಬಿಡುತ್ತವೆ. ಅಕ್ಕ ಮತ್ತೆ ಫೋನು ಹಚ್ಚಿದರು. ಬಸ್ಸಿನ ಗದ್ದಲದ ನಡುವೆ ಡಾಕ್ಟರಮ್ಮ ಕೂಗಿ ಹೇಳಿದರು.

"ಮುಟ್ಟಬೇಡಿ ಅಕ್ಕಾ. ಡಬ್ಬಿ ಮೇಲೆತ್ತಿ, ಅಡಿಯಿಂದ ನೋಡಿ. ಮೊದಲು ಎದೆ, ಆಮೇಲೆ ಮೂಳೆ, ಆಮೇಲೆ ತೋಳು. ಮೂರೂ ಕೂಡಿದರೆ ಮಾತ್ರ ಹೌದು ಅನ್ನಿ. ಅನುಮಾನ ಬಂದರೆ ಬೇರೆ ಇಡಿ, ಊಹೆ ಮಾಡೋದು ಬೇಡ."

ಹಗಲು ಈ ಕಪ್ಪೆಗಳು ಮಲಗಿದಾಗ ರಕ್ತವೆಲ್ಲ ಯಕೃತ್ತಿನಲ್ಲಿ ಅಡಗಿ ಮೈ ಇನ್ನಷ್ಟು ತಿಳಿಯಾಗುತ್ತದೆ, ಗುಂಡಿಗೆಯೂ ಮಾಸಲಾಗಿ ಕಾಣುತ್ತದೆ. ಆದರೆ ಆ ದಿನ ಅಲುಗಾಟಕ್ಕೆ ಎಲ್ಲ ಎಚ್ಚರವಾಗಿದ್ದವು. ಅಕ್ಕ ಡಬ್ಬಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಅಂಗಡಿಯ ಬಿಳಿ ಬೆಳಕಿನ ಟಾರ್ಚು ಹಿಡಿಯಲು ಕೈ ಸಾಲದೆ ಅತ್ತೆಗೆ ಕೊಟ್ಟರು.

ಅಲ್ಲಿಯವರೆಗೆ ಅತ್ತೆ ಈ ಕಪ್ಪೆಗಳಲ್ಲಿ ಒಂದನ್ನೂ ಕಣ್ಣಾರೆ ನೋಡಿದವರಲ್ಲ. ಮೊದಲ ಡಬ್ಬಿಗೆ ಬೆಳಕು ಬಿಟ್ಟರು. ಕತ್ತು ಮೇಲೆತ್ತಿದವರು ಹಾಗೇ ನಿಂತುಬಿಟ್ಟರು.

"ಇದರ ಗುಂಡಿಗೆ ಕಾಣುತ್ತೆ ಕಣೇ."

"ಹೌದು ಅತ್ತೆ. ಕೆಂಪೆದೆ. ಮೇಲಿನ ಕಪಾಟು."

"ಇಷ್ಟೇ ಇಷ್ಟು ಇದೆ. ಎಷ್ಟು ಜೋರಾಗಿ ಬಡ್ಕೊಳ್ತಿದೆ ನೋಡು." ಅತ್ತೆ ಟಾರ್ಚನ್ನು ಇನ್ನಷ್ಟು ಹತ್ತಿರ ತಂದರು. ಆಮೇಲೆ ಸೊಸೆಯ ಕಡೆ ನೋಡದೆಯೇ ಹೇಳಿದರು: "ಹೀಗೆ ಹೊರಗೆ ಕಾಣ್ತಿದ್ರೆ ನಾವಿಬ್ಬರೂ ಅವನನ್ನ ಆವತ್ತು ಮಲಗೋಕೆ ಬಿಡ್ತಿರಲಿಲ್ಲ ಅಲ್ವಾ."

ಮಗ ಹೋದ ಮೇಲೆ ಅವರಿಬ್ಬರ ನಡುವೆ ಅವನ ಮಾತು ಅಷ್ಟು ಸಲೀಸಾಗಿ ಬಂದದ್ದು ಅದೇ ಮೊದಲು. ಅಕ್ಕನ ಎರಡೂ ಕೈ ಮೇಲಿದ್ದವು, ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ಅತ್ತೆಯೇ ಸೆರಗಿನ ತುದಿಯಿಂದ ಸೊಸೆಯ ಮುಖ ಒರೆಸಿ, "ಹೂಂ, ಮುಂದಿನದು ತೆಗಿ," ಎಂದರು.

ಹೀಗೆ ಒಬ್ಬರು ಎತ್ತಿದರು, ಒಬ್ಬರು ಬೆಳಕು ಬಿಟ್ಟರು, ಹೂವಿನ ಯಜಮಾನರು ಕಪಾಟಿಗೆ ಜೋಡಿಸಿದರು, ಕಾವಲುಗಾರ ಮುಚ್ಚಳಗಳಿಗೆ ಈ ಸಲ ಹೂಕಟ್ಟುವ ದಾರ ಬಿಗಿದ: ಕೆಂಪೆದೆಗೆ ಕೆಂಪು, ಬಿಳಿಯೆದೆಗೆ ಬಿಳಿ. ಅರ್ಧದಲ್ಲಿ ಯಜಮಾನರಿಗೂ ಆಟ ಹಿಡಿಯಿತು. "ಇದು ಹಸಿರು ಮೂಳೆ, ಕೊಕ್ಕೆನೂ ಇದೆ, ಬಿಳಿಯೆದೆ!" ಎಂದು ಅಕ್ಕನಿಗಿಂತ ಮೊದಲೇ ಕೂಗತೊಡಗಿದರು. ಒಂದು ಡಬ್ಬಿಯಲ್ಲಿ ಮಾತ್ರ ಎಲ್ಲರೂ ಸೋತರು. ಅದರಲ್ಲಿದ್ದವು ಬಾಲ ಉದುರಿ ಕೆಲವೇ ದಿನವಾದ ಮರಿಗಳು. ಎದೆಯ ಪೊರೆ ಇನ್ನೂ ಸರಿಯಾಗಿ ಕೂಡಿಲ್ಲ, ಮೂಳೆಗೆ ಬಣ್ಣ ಕಟ್ಟಿಲ್ಲ, ತೋಳಿನ ಮಾತಂತೂ ದೂರ. ಕೆಂಪೆದೆಯ ಮಕ್ಕಳೋ ಬಿಳಿಯೆದೆಯ ಮಕ್ಕಳೋ ಹೇಳುವ ಹಾಗಿರಲಿಲ್ಲ. ಅಕ್ಕ ಅದಕ್ಕೆ ಎರಡೂ ಬಣ್ಣದ ದಾರ ಕಟ್ಟಿಸಿ ನಡುವಿನ ಕಪಾಟಿನಲ್ಲಿ ಇಟ್ಟರು.

ಸಂಜೆ ಡಾಕ್ಟರಮ್ಮ ಬಂದಾಗ ಅಂಗಡಿಯ ಮುಂದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಕೆಟ್ಟು, ಡ್ರಮ್ಮು, ಪಾತ್ರೆಗಳಲ್ಲಿ ನಿಲ್ಲಿಸಿದ್ದ ಗುಲಾಬಿಗಳೆಲ್ಲ ಒಟ್ಟಿಗೇ ಅರಳಿದ್ದವು. ಯಜಮಾನರು ಮದುವೆಮನೆಯವರಿಗೆ ಫೋನಿನಲ್ಲಿ ಕ್ಷಮೆ ಕೇಳಿ, ಬೇರೆ ಊರಿನಿಂದ ಹೂ ತರಿಸಲು ಏರ್ಪಾಡು ಮಾಡಿ, ಅರಳಿದ್ದನ್ನೆಲ್ಲ ಹೋಗಿಬರುವವರಿಗೆ ಸುಮ್ಮನೆ ಹಂಚುತ್ತಿದ್ದರು. ಡಾಕ್ಟರಮ್ಮ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಎರಡು ಕಡೆ ತಪ್ಪಿತ್ತು. ಕೊಕ್ಕೆಯಿಲ್ಲದ, ತೆಳ್ಳನೆಯ ಪೊರೆಯ ಬಿಳಿಯೆದೆ ಹೆಣ್ಣುಗಳನ್ನು ಅಕ್ಕ ಕೆಂಪೆದೆ ಎಂದುಕೊಂಡಿದ್ದರು. ಡಾಕ್ಟರಮ್ಮ ಅವನ್ನು ಬದಲಿಸಿ ಇಟ್ಟು, ಅಕ್ಕನ ಕೈ ಹಿಡಿದುಕೊಂಡರು.

ಎಲ್ಲವೂ ಉಳಿಯಲಿಲ್ಲ. ಮೇಲಿನ ಸಾಲಿನ ಆ ಪೆಟ್ಟಿಗೆಯಲ್ಲಿ ಮೊದಲೇ ಬಸವಳಿದಿದ್ದ ಕೆಲವು ಮರುದಿನ ಬೆಳಗ್ಗೆ ಅಲುಗಲಿಲ್ಲ. ಅಕ್ಕ ಆ ಡಬ್ಬಿಗಳನ್ನು ತೊಳೆಯುತ್ತ ಬಿಕ್ಕಿದರು. ಮಿಕ್ಕವು ಕರೆಂಟು ಬರುವವರೆಗೆ ಹೂವಿನ ಕೋಣೆಯಲ್ಲೇ ಇದ್ದು, ಮನೆಗೆ ಮರಳಿ, ಒಂದು ವಾರದಲ್ಲಿ ನೊಣ ಹಿಡಿಯತೊಡಗಿದವು.

ಎರಡು ದಾರದ ಮರಿಗಳು ನಡುವಿನ ಒಂದು ಪೆಟ್ಟಿಗೆಯಲ್ಲಿ ಬೆಳೆದವು. ಅಕ್ಕ ಪ್ರತಿ ಬೆಳಗ್ಗೆ ಅವುಗಳ ಅಡಿಗೆ ಬಿಳಿ ಬೆಳಕು ಹಿಡಿದು ಕಾದರು. ಒಂದು ದಿನ ಒಂದರ ತೊಡೆಯ ಮೂಳೆಯಲ್ಲಿ ಹಸಿರಿನ ಛಾಯೆ ಕಂಡಿತು, ಎಳೆ ಬಟಾಣಿಯ ಸಿಪ್ಪೆಯಂತೆ. ಇನ್ನೊಂದರಲ್ಲಿ ಬರಲೇ ಇಲ್ಲ. ಹಾಗೆ ಒಂದೊಂದಾಗಿ ಮರಿಗಳು ತಮ್ಮ ತಮ್ಮ ಕುಲ ಹೇಳಿಕೊಂಡವು. ಯಾವ ವಯಸ್ಸಿಗೆ ಮೂಳೆ ಬಣ್ಣ ಕಟ್ಟುತ್ತದೆ, ಪೊರೆ ಯಾವಾಗ ಕೂಡುತ್ತದೆ ಎಂಬುದರ ಬಗ್ಗೆ ಡಾಕ್ಟರಮ್ಮ ಒಂದು ಲೇಖನ ಬರೆದರು. ಅದರ ಕೊನೆಯಲ್ಲಿ ಕೃತಜ್ಞತೆ ಎಂದು ಒಂದು ಪ್ಯಾರಾ ಇದೆ. ಅಕ್ಕನ ಹೆಸರು ಮೊದಲು, ಆಮೇಲೆ ಅತ್ತೆಯದು, ಕಾವಲುಗಾರನದು, ಹೂವಿನ ಯಜಮಾನರದು. ಯಜಮಾನರು ಆ ಪುಟಕ್ಕೆ ಕಟ್ಟು ಹಾಕಿಸಿ ಶೀತಲ ಕೋಣೆಯ ಬಾಗಿಲಿಗೆ ತೂಗುಹಾಕಿದ್ದಾರೆ. ಲೇಖನದ ಭಾಷೆ ಅವರಿಗೆ ಓದಲು ಬರುವುದಿಲ್ಲ. ಡಾಕ್ಟರಮ್ಮ ತೋರಿಸಿದ ತಮ್ಮ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾರೆ.

ಅತ್ತೆ ಈಗ ಕಪ್ಪೆಮನೆಗೆ ವಾರಕ್ಕೊಮ್ಮೆ ಬಂದು ಲೋಟಗಳಿಗೆ ಬಟ್ಟೆ ಕಟ್ಟಿಕೊಡುತ್ತಾರೆ. "ಇವಳು ಸಡಿಲ ಕಟ್ತಾಳೆ, ನೊಣ ಎಲ್ಲ ಈಚೆ ಬರುತ್ತೆ," ಎನ್ನುವುದು ಅವರ ದೂರು. ನೊಣ ಎಂದರೆ ಮೂಗು ಮುರಿಯುತ್ತಿದ್ದವರು ಹಣ್ಣಿನ ಅಂಗಡಿಯಲ್ಲಿ ಕಪ್ಪಾದ ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಾರೆ.

ಬೆಳಗಿನ ಸುತ್ತು ಮುಗಿಯುತ್ತ ಬಂದಿದೆ. ಕೊನೆಯ ಪೆಟ್ಟಿಗೆಯಲ್ಲಿ ಕೆಂಪೆದೆಯ ಗಂಡೊಂದು ಎಲೆಯ ಅಡಿಯಲ್ಲಿ ತಲೆಕೆಳಗಾಗಿ ಕೂತಿದೆ. ಅದರ ಪಕ್ಕ ಅಂಟಂಟಾದ ಮೊಟ್ಟೆಗಳ ಗೊಂಚಲು, ಒಳಗೆ ಗೊದಮೊಟ್ಟೆಗಳು ಮಿಸುಕುತ್ತಿವೆ. ಅಕ್ಕ ಬಗ್ಗಿ ನೋಡುತ್ತಾರೆ. ಒಂದು ಗೊದಮೊಟ್ಟೆ ಪೊರೆ ಹರಿದುಕೊಂಡು, ಒಂದು ಕ್ಷಣ ತೂಗಾಡಿ, ಕೆಳಗಿನ ನೀರಿಗೆ ತೊಟಕ್ಕೆಂದು ಬೀಳುತ್ತದೆ. ಹಿಂದೆಯೇ ಇನ್ನೊಂದು.

"ಹೊರಟ್ರು," ಎನ್ನುತ್ತಾರೆ, ಕಣ್ಣು ತೆಗೆಯದೆ.

ಡಾಕ್ಟರಮ್ಮನ ಪ್ರಕಾರ ಆ ಬೆಟ್ಟದ ಒಂದು ಹಳ್ಳದಲ್ಲಿ ರೋಗ ತಗ್ಗುತ್ತಿದೆ. ಇನ್ನೆರಡು ಮಳೆಗಾಲ ಪರೀಕ್ಷೆ ಮಾಡಿ, ಸರಿಯಿದ್ದರೆ ಇಲ್ಲಿ ಹುಟ್ಟಿದ ಕೆಲವನ್ನು ಅಲ್ಲಿಗೆ ಬಿಡುವ ಆಲೋಚನೆಯಿದೆ. ಖಾತ್ರಿ ಇಲ್ಲ. ಆದರೂ ಅಕ್ಕ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡುಬಿಟ್ಟಿದ್ದಾರೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ಮೊದಲು ನಗುತ್ತಾರೆ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ, ಆಮೇಲೆ ನಿಧಾನವಾಗಿ ಹೇಳುತ್ತಾರೆ.

"ಬೆಟ್ಟ ಹತ್ತಬೇಕಂತೆ, ಒಂದು ದಿನ ನಡೀಬೇಕಂತೆ. ಮಂಡಿ ನೋವು ನಂದು. ಆದ್ರೂ ಡಾಕ್ಟರಮ್ಮನ ಹತ್ರ ಒಂದು ಮಾತು ಕೇಳಿಟ್ಟಿದ್ದೀನಿ. ಬಿಡೋದು ಅವರೇ ಬಿಡಲಿ, ಫೋಟೋ ಅವರೇ ತೆಗೆಸ್ಕೊಳ್ಳಲಿ. ಹಳ್ಳದವರೆಗೂ ಡಬ್ಬಿ ಮಾತ್ರ ನಾನು ಹಿಡ್ಕೊಂಡು ಬರ್ತೀನಿ."